ತೊಟ್ಟಿಲ ಬಟ್ಟೆ: ರೇಷ್ಮೆ ಸೀಮೆಯಲ್ಲಿ ಎಳೆಮಕ್ಕಳ ಉಡುಪಿನ ಚರಿತ್ರೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯಲ್ಲಿ ಎಳೆಗೂಸಿಗೆ ತೊಡಿಸುವ ಮೊದಲ ಬಟ್ಟೆ ಹಳೆಯ ಬಟ್ಟೆಯಿಂದಲೇ ಆಗಬೇಕೆಂಬುದು ತಲೆಮಾರುಗಳಿಂದ ನಡೆದುಬಂದ ರೂಢಿ. ಒಗೆದು ಒಗೆದು ಮೆತ್ತಗಾದ ಅಜ್ಜನ ಪಂಚೆ, ಅಜ್ಜಿಯ ನೂಲಿನ ಸೀರೆ ತುಂಡುತುಂಡಾಗಿ ಹರಿದು ಕೂಸಿನ ಅಂಗಿ, ಲಂಗೋಟಿ, ಹಾಸು, ಹೊದಿಕೆಗಳಾಗುತ್ತಿದ್ದವು. ದೊಡ್ಡವರ ಉಡುಪು ನೇಕಾರನ ಮಗ್ಗದಿಂದ, ಸಿಂಪಿಗನ ಸೂಜಿಯಿಂದ, ಆಮೇಲೆ ಗಿರಣಿಯಿಂದ ಬಂತು. ಎಳೆಮಗುವಿನ ಬಟ್ಟೆ ಮಾತ್ರ ಬಹುಕಾಲ ಮನೆಯ ಹೆಂಗಸರ ಕೈಯಲ್ಲೇ ಉಳಿಯಿತು. ಹಳೆಯ ಮೈಸೂರಿನ ಈ ಮೂಲೆಯಲ್ಲಿ ಹೆಂಗಸರು ಯಾರಪ್ಪಣೆಯನ್ನೂ ಕೇಳದೆ ಕತ್ತರಿ ಆಡಿಸಿದ ಕ್ಷೇತ್ರ ಅದೊಂದೇ ಎಂದರೂ ತಪ್ಪಾಗದು. ಆ ಕೈಗೆ ಹೊಸ ಹೊಸ ಕೆಲಸಗಳು ಹೇಗೆ ಬಂದು ಸೇರಿದವು, ಯಾವುದು ಉಳಿಯಿತು, ಯಾವುದು ಕಳಚಿತು ಎಂಬುದರಲ್ಲಿ ಈ ಉಡುಪಿನ ಚರಿತ್ರೆ ಇದೆ.

ಈ ನಾಲ್ಕೂ ತಾಲ್ಲೂಕುಗಳು 2007ರ ಆಗಸ್ಟ್‌ವರೆಗೆ ಕೋಲಾರ ಜಿಲ್ಲೆಯಲ್ಲಿದ್ದವು. ಆಮೇಲೆ ಚಿಕ್ಕಬಳ್ಳಾಪುರವೇ ಜಿಲ್ಲಾ ಕೇಂದ್ರವಾಯಿತು. ಇದು ಕೆರೆಗಳನ್ನು ನಂಬಿದ ಒಣಸೀಮೆ, ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ರೇಷ್ಮೆ ರೀಲಿಂಗಿನ ಮನೆಗಳಲ್ಲಿ ಉರ್ದು ಕೇಳುವ ಸೀಮೆ. ಬಯಲುಸೀಮೆ ಎಂದು ಹೆಸರಿದ್ದರೂ ಪ್ರಸ್ಥಭೂಮಿಯ ಎತ್ತರದಲ್ಲಿದೆ. ಪಕ್ಕದ ನಂದಿಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರಕ್ಕೆ ನಿಂತಿದೆ. ಮಾರ್ಗಶಿರ, ಪುಷ್ಯ ಮಾಸಗಳ ರಾತ್ರಿ ಇಲ್ಲಿ ಚಳಿ ಮೈಕೊರೆಯುತ್ತದೆ. ಆಗ ಹುಟ್ಟಿದ ಮಗುವನ್ನು ಬೆಚ್ಚಗಿಡುವುದು ಬಾಣಂತನದ ಮುಖ್ಯ ಕೆಲಸ. ಬೇಸಿಗೆಯಲ್ಲಿ ಅದೇ ಮಗುವಿನ ಮೈಮೇಲೆ ಉಡಿದಾರವೊಂದನ್ನು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಉಡುಪಿನ ಕಥೆ ಹಾಗಾಗಿ ಬಹುಮಟ್ಟಿಗೆ ಚಳಿಯ ಕಥೆಯೇ.

ಹಳೆಯ ಬಟ್ಟೆಯ ರೂಢಿಗೆ ನಂಬಿಕೆಯ ಬೆಂಬಲವೂ ಇತ್ತು, ತಿಳಿವಳಿಕೆಯ ಬೆಂಬಲವೂ ಇತ್ತು. ಹುಟ್ಟಿದ ಮಗು ಉಳಿಯುತ್ತದೋ ಇಲ್ಲವೋ ಎಂಬ ಅಂಜಿಕೆ ಇದ್ದ ಕಾಲದಲ್ಲಿ ಮುಂಚಿತವಾಗಿ ಹೊಸ ಬಟ್ಟೆ ಹೊಲಿಸಿಡುವುದು ವಿಧಿಯನ್ನು ಕೆಣಕಿದಂತೆ ಎಂದು ಹಿರಿಯರು ಭಾವಿಸುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂಬ ಗಾದೆ ಇವತ್ತು ಆತುರಗಾರರಿಗೆ ಹೇಳುವ ಬುದ್ಧಿಮಾತಾಗಿದೆ. ಅದರ ಬೇರು ಇರುವುದು ಈ ಅಂಜಿಕೆಯಲ್ಲಿ. ತುಂಬು ಆಯುಸ್ಸು ಕಂಡವರ ಬಟ್ಟೆ ತೊಡಿಸಿದರೆ ಅವರ ಆಯುಸ್ಸೂ ಕೂಸಿಗೆ ಬರುತ್ತದೆ ಎಂಬ ಆಸೆಯೂ ಜೊತೆಗಿತ್ತು. ಇನ್ನು ತಿಳಿವಳಿಕೆಯ ಮಾತು: ಮಗ್ಗದಿಂದ ಬಂದ ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಅದು ಗಡುಸು, ಬಣ್ಣ ಹಾಕಿದ್ದರೆ ಬಣ್ಣ ಬಿಡುತ್ತದೆ. ವರ್ಷಗಟ್ಟಲೆ ಒಗೆದ ನೂಲಿನಲ್ಲಿ ಗಂಜಿಯೂ ಇಲ್ಲ, ಬಿಡಬೇಕಾದ ಬಣ್ಣವೂ ಇಲ್ಲ. ಅದು ನೀರನ್ನು ಬೇಗ ಹೀರುತ್ತದೆ, ಬೇಗ ಒಣಗುತ್ತದೆ. ಎಳೆಯ ಚರ್ಮಕ್ಕೆ ಹಳೆಯ ಹತ್ತಿಗಿಂತ ಹಿತವಾದ ಬಟ್ಟೆ ಆ ಕಾಲಕ್ಕೆ ಬೇರೆ ಇರಲೇ ಇಲ್ಲ.

ಆ ಅಂಗಿಯನ್ನು ಹೊಲಿಯುವ ಕ್ರಮವನ್ನು ಹತ್ತಿರದಿಂದ ನೋಡಿದರೆ ಅದರ ಹಿಂದಿನ ಜಾಣತನ ಕಾಣುತ್ತದೆ. ಪಂಚೆಯ ತುಂಡನ್ನು ಎರಡು ಮಡಿಕೆ ಹಾಕಿ, ಮಡಿಕೆಯ ನಡುವೆ ಕುತ್ತಿಗೆಗೆ ಅರ್ಧಚಂದ್ರದಂತೆ ಕತ್ತರಿಸುತ್ತಾರೆ. ತೋಳನ್ನು ಬೇರೆ ಕತ್ತರಿಸಿ ಜೋಡಿಸುವುದಿಲ್ಲ, ಬಟ್ಟೆಯ ಅಗಲವೇ ತೋಳಾಗುತ್ತದೆ. ಎರಡು ಪಕ್ಕಕ್ಕೂ ಸಣ್ಣ ಹೊಲಿಗೆ ಹಾಕಿ, ಬೆನ್ನಿನ ಕಡೆ ಉದ್ದಕ್ಕೆ ಸೀಳಿ, ಅದೇ ಬಟ್ಟೆಯ ಅಂಚಿನಿಂದ ಹರಿದ ಎರಡು ಲಾಡಿ ಇಡುತ್ತಾರೆ. ಗುಂಡಿ ಇಡುವುದಿಲ್ಲ, ಮಲಗಿದ ಮಗುವಿಗೆ ಅದು ಒತ್ತುತ್ತದೆ, ಕಿತ್ತು ಬಂದರೆ ಬಾಯಿಗೆ ಹೋಗುತ್ತದೆ. ಹೊಲಿಗೆಯ ದಪ್ಪ ಅಂಚು ಮೈಗೆ ತಾಗದಂತೆ ಹೊರಮೈಗೇ ಬಿಡುವುದೂ ಉಂಟು. ನೋಡುವವರ ಕಣ್ಣಿಗೆ ಅಂಗಿ ತಿರುವುಮುರುವಾದಂತೆ ಕಂಡರೂ ಕೂಸಿನ ಕಂಕುಳು ಕೆಂಪಾಗುವುದಿಲ್ಲ. ಜಬಲಾ ಎಂಬ ಹೆಸರಿನಲ್ಲಿ ಇಂದು ಅಂಗಡಿಯಲ್ಲಿ ಸಿಗುವ ಅಂಗಿಯ ಕಟ್ಟು ಬಹುಮಟ್ಟಿಗೆ ಇದೇ.

ಲಂಗೋಟಿಗೆ ಹೊಲಿಗೆಯೇ ಬೇಡ. ಚೌಕದ ತುಂಡನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸಿದರೆ ಮುಕ್ಕೋನವಾಗುತ್ತದೆ. ಸೊಂಟಕ್ಕೆ ಸುತ್ತಿ ಗಂಟು ಹಾಕಿದರೆ ಆಯಿತು, ಇಲ್ಲವೇ ಉಡಿದಾರಕ್ಕೇ ಸಿಕ್ಕಿಸಿದರೂ ಆಯಿತು. ದಿನಕ್ಕೆ ಹತ್ತಾರು ತುಂಡು ಬೇಕಾಗುತ್ತಿತ್ತು. ಅವನ್ನು ಅಂಟುವಾಳದ ನೊರೆಯಲ್ಲಿ ಒಗೆದು ಬಿಸಿಲಿಗೆ ಹಾಕುವುದು, ಮಳೆಗಾಲದಲ್ಲಿ ಕೆಂಡದ ಮೇಲೆ ಬುಟ್ಟಿ ಮಗುಚಿ, ಅದರ ಮೇಲೆ ಹರವಿ, ಸಾಂಬ್ರಾಣಿ ಹೊಗೆ ತಾಗಿಸಿ ಒಣಗಿಸುವುದು ಬಾಣಂತಿಯ ತಾಯಿಗೋ ಅಕ್ಕತಂಗಿಯರಿಗೋ ದಿನವಿಡೀ ಹಿಡಿಯುವ ಕೆಲಸ. ಬಟ್ಟೆ ಹೊಲಿಯುವುದಕ್ಕಿಂತ ಅದನ್ನು ಒಣಗಿಸಿ ಇಡುವುದರಲ್ಲೇ ಹೆಚ್ಚಿನ ದುಡಿಮೆ ಇತ್ತು.

ತಲೆಗೆ ಕುಲಾವಿ. ಎರಡು ತುಂಡು ಬಟ್ಟೆಯನ್ನು ಕಿವಿ ಮುಚ್ಚುವಂತೆ ಸೇರಿಸಿ, ಗಲ್ಲದ ಕೆಳಗೆ ಲಾಡಿ ಕಟ್ಟುವ ಟೋಪಿ ಇದು. ಹುಟ್ಟಿದ ಮಗುವಿನ ತಲೆ ಅದರ ಉದ್ದದಲ್ಲಿ ಸುಮಾರು ಕಾಲುಭಾಗ. ಮೈಯ ಶಾಖ ಅಲ್ಲಿಂದ ಬೇಗ ಸೋರುತ್ತದೆ ಎಂದು ಇಂದಿನ ವೈದ್ಯರು ಹೇಳುವುದನ್ನು ಅಜ್ಜಿಯರು ಬೇರೆ ಮಾತಿನಲ್ಲಿ ಹೇಳುತ್ತಿದ್ದರು: ನೆತ್ತಿಗೆ ಗಾಳಿ ತಾಗಬಾರದು. ಕುಲಾವಿಗೆ ಬೆನ್ನಿನ ಮೇಲೆ ಇಳಿಬೀಳುವ ಬಟ್ಟೆಯನ್ನೂ ಸೇರಿಸಿದರೆ ಅದು ಕುಂಚಿಗೆ. ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಒಂದೇ ಬಟ್ಟೆ ಮುಚ್ಚುವುದರಿಂದ ಮಗುವನ್ನು ಎತ್ತಿಕೊಂಡು ಹೊರಗೆ ಹೋಗಲು ಅನುಕೂಲ. ಉತ್ತರ ಕರ್ನಾಟಕದಲ್ಲಿ ಈ ಎರಡೂ ಉಡುಪಿನ ಮೇಲೆ ಹೆಂಗಸರು ತಮ್ಮ ಕಲೆಯನ್ನೆಲ್ಲ ಸುರಿದರು. ಧಾರವಾಡದ ಕಡೆಯ ಕಸೂತಿಯಲ್ಲಿ ಸೀರೆ, ಕುಪ್ಪಸಗಳಂತೆಯೇ ಕೂಸಿನ ಕುಲಾವಿ, ಕುಂಚಿಗೆಗೂ ತೇರು, ಗೋಪುರ, ನವಿಲು, ತುಳಸಿಕಟ್ಟೆಯ ಚಿತ್ರ ಬಿದ್ದವು. ಕೋಲಾರ ಸೀಮೆಯಲ್ಲಿ ಅಂಥ ಕಸೂತಿಯ ಪರಂಪರೆ ಬೆಳೆಯಲಿಲ್ಲ. ಇಲ್ಲಿನ ಕುಲಾವಿ ಸಾದಾ. ಹಬ್ಬಕ್ಕೆಂದು ಹೊಲಿದದ್ದಾದರೆ ಕೆಂಪು ಬಟ್ಟೆ, ಅಂಚಿಗೆ ಹಳೆಯ ಸೀರೆಯ ಜರಿಪಟ್ಟಿ, ಹೆಚ್ಚೆಂದರೆ ನೆತ್ತಿಯ ಮೇಲೊಂದು ಕುಚ್ಚು.

ನಿಜವಾದ ಚಳಿಗೆ ಹತ್ತಿ ಸಾಲದು. ಈ ಸೀಮೆಯ ಉಣ್ಣೆ ಕುರುಬರ ಕಂಬಳಿಯ ಉಣ್ಣೆ. ಕುರಿಯ ತುಪ್ಪಟವನ್ನು ಕತ್ತರಿಸಿ, ಎಕ್ಕಿ, ಕೈಯಲ್ಲಿ ನೂತು, ಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಹಾಕಿ ಗಟ್ಟಿ ಮಾಡಿದ ಕರಿಕಂಬಳಿ ಮಳೆಗೂ ಚಳಿಗೂ ತಡೆ. ಹೊಲಕ್ಕೆ ಹೋಗುವ ದೊಡ್ಡ ಹುಡುಗರು ಅದನ್ನೇ ಕೊಪ್ಪೆ ಮಾಡಿ ತಲೆಮೇಲಿಂದ ಹೊದೆಯುತ್ತಿದ್ದರು. ಆದರೆ ಅದು ಒರಟು. ಎಳೆಗೂಸಿನ ಮೈಗೆ ಚುಚ್ಚುತ್ತದೆ. ಹಾಗಾಗಿ ಕಂಬಳಿಯನ್ನು ಕೆಳಗೆ ಹಾಸಿ, ಅದರ ಮೇಲೆ ಬೊಂತೆ ಹಾಕುತ್ತಿದ್ದರು. ಬೊಂತೆ ಎಂದರೆ ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ದೊಡ್ಡ ಹೊಲಿಗೆ ಹಾಕಿದ ದಪ್ಪ ಹಾಸಿಗೆ. ಉತ್ತರದ ಜಿಲ್ಲೆಗಳಲ್ಲಿ ಕೌದಿ ಎನ್ನುವುದು ಇದರ ಅಕ್ಕ. ಅಂಗಿಗೂ ಲಂಗೋಟಿಗೂ ಆಗದಷ್ಟು ಸವೆದ ಬಟ್ಟೆಗೆ ಬೊಂತೆಯೇ ಕೊನೆಯ ನೆಲೆ. ಉಣ್ಣೆ ಇದ್ದೂ ಅದನ್ನು ಕಡ್ಡಿಯಲ್ಲಿ ಹೆಣೆಯುವ ಕೆಲಸ ಈ ನಾಡಿನಲ್ಲಿ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ನೇಯ್ಗೆ ಊರಿನದು, ಹೆಣಿಗೆ ಹೊರಗಿನಿಂದ ಬಂದದ್ದು.

ಮಗು ಎದ್ದು ಓಡಾಡುವಷ್ಟಾದ ಮೇಲೆ ಸಿಂಪಿಗರ ಪಾತ್ರ ಬರುತ್ತದೆ. ನಾಮದೇವ ಸಿಂಪಿ, ಭಾವಸಾರ ಕ್ಷತ್ರಿಯ ಸಮುದಾಯಗಳ ಕುಟುಂಬಗಳು ಹಳೆಯ ಮೈಸೂರಿನ ಪೇಟೆಗಳಲ್ಲಿ ಹೊಲಿಗೆಯನ್ನು ಕಸುಬಾಗಿ ಹಿಡಿದಿದ್ದವು. ಇವರಲ್ಲಿ ಹಲವರ ಮನೆಮಾತು ಮರಾಠಿ. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ಹೊರಬಂದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳಲ್ಲಿ ದರ್ಜಿಗಳ ಬಗ್ಗೆ ಪ್ರತ್ಯೇಕ ಬರಹವಿದೆ. ಗಂಡುಮಗುವಿಗೆ ಚಡ್ಡಿ, ಅಂಗಿ. ಹೆಣ್ಣುಮಗುವಿಗೆ ಲಂಗ, ಜಾಕೀಟು. ಯುಗಾದಿಗೋ ಊರ ಜಾತ್ರೆಗೋ ವರ್ಷಕ್ಕೊಂದು ಜೊತೆ ಹೊಸ ಬಟ್ಟೆ ಎಂಬುದು ಸಾಧಾರಣ ರೈತನ ಮನೆಯ ಲೆಕ್ಕ. ಆದ್ದರಿಂದ ಬೆಳೆಯುವ ಮೈಗೆ ಅಂದಾಜು ಇಟ್ಟೇ ಹೊಲಿಯಬೇಕಿತ್ತು. ಲಂಗದ ಅಂಚಿನ ಮೇಲೆ ಎರಡು ಮೂರು ಮಡಿಕೆ ಹಿಡಿದು ಹೊಲಿದರೆ ವರ್ಷಕ್ಕೊಂದು ಮಡಿಕೆ ಬಿಚ್ಚುತ್ತ ಹೋಗಬಹುದು; ಬಿಚ್ಚಿದ ಕಡೆ ಬಣ್ಣ ಮಾಸದ ಪಟ್ಟಿಯೊಂದು ಕಾಣುತ್ತದೆ. ಒಂದೇ ಲಂಗ ಅಕ್ಕನಿಂದ ತಂಗಿಗೆ, ಅವಳಿಂದ ಚಿಕ್ಕಮ್ಮನ ಮಗಳಿಗೆ ದಾಟುತ್ತಿತ್ತು.

ಶಿಡ್ಲಘಟ್ಟ, ಚಿಂತಾಮಣಿಯ ಮುಸ್ಲಿಂ ಮನೆಗಳಲ್ಲಿ ಆರನೆಯ ದಿನದ ಛಟ್ಟಿಗೆ ತವರಿನಿಂದ ಕೂಸಿನ ಕುರ್ತಾ, ಟೋಪಿ ಬರುವ ಪದ್ಧತಿ ಇದೆ. ಹಿಂದೂ ಮನೆಗಳಲ್ಲಿ ನಾಮಕರಣದ ದಿನ ತೊಟ್ಟಿಲಿಗೆ ಹಾಕುವಾಗ ಸೋದರಮಾವನ ಕಡೆಯ ಬಟ್ಟೆ ಮುಂದಿರುತ್ತದೆ. ಎರಡೂ ಕಡೆ ಮೊದಲ ಹೆರಿಗೆ ತವರಿನಲ್ಲೇ. ಹಾಗಾಗಿ ಮಗುವಿನ ಬಟ್ಟೆಯ ಹೊಣೆ ತಾಯಿಯ ತಾಯಿಯದು. ಮೂರೋ ಐದೋ ತಿಂಗಳಾಗಿ ಬಾಣಂತಿ ಗಂಡನ ಮನೆಗೆ ಹೊರಡುವಾಗ ಕೂಸಿನ ಬಟ್ಟೆಯ ಗಂಟು ಜೊತೆಗೆ ಹೋಗುತ್ತದೆ. ಬೀಗರ ಮನೆಯವರು ಅದನ್ನು ಬಿಚ್ಚಿ ನೋಡುತ್ತಾರೆ. ಅಜ್ಜಿಯ ಸೂಜಿಯ ಕೆಲಸ ನಾಲ್ಕು ಜನರ ಮುಂದೆ ಬರುತ್ತಿದ್ದ ಸಂದರ್ಭ ಇದು. ಮುಂದೆ ಸ್ವೆಟರ್ ಎಂಬ ವಸ್ತುವಿಗೆ ಸಿಕ್ಕ ಗೌರವಕ್ಕೆ ಈ ಗಂಟೇ ಕಾರಣವೆಂದು ಧಾರಾಳವಾಗಿ ಹೇಳಬಹುದು.

ಈ ಎಲ್ಲ ವಿವರದಲ್ಲಿ ರೇಷ್ಮೆ ಎಲ್ಲಿಯೂ ಕಾಣದಿರುವುದು ವಿಚಿತ್ರವೆನ್ನಿಸಬಹುದು. ಹಿಪ್ಪುನೇರಳೆ ತೋಟ, ಹುಳು ಗೂಡು ಕಟ್ಟುವ ಚಂದ್ರಂಕಿ, ಗೂಡಿನ ಮಾರುಕಟ್ಟೆ, ರೀಲಿಂಗ್ ಚರಕ ಇವೆಲ್ಲ ಇರುವ ಊರಿನಲ್ಲಿ ಮಕ್ಕಳಿಗೇಕೆ ರೇಷ್ಮೆಯಿಲ್ಲ? ಕಾರಣ ಎಳೆಯಲ್ಲೇ ಇದೆ. ಶಿಡ್ಲಘಟ್ಟದ ರೀಲರ್ ಬಿಸಿನೀರಿನಲ್ಲಿ ಗೂಡು ಬೇಯಿಸಿ ಹಲವು ಗೂಡಿನ ಎಳೆ ಕೂಡಿಸಿ ತೆಗೆಯುವುದು ಕಚ್ಚಾ ರೇಷ್ಮೆ. ಅದರ ತೂಕದಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟು. ಮುಟ್ಟಿದರೆ ಬಿರುಸು, ನೋಡಿದರೆ ಮಂಕು. ಹುರಿ ಮಾಡಿ, ಸಾಬೂನು ನೀರಿನಲ್ಲಿ ಕುದಿಸಿ ಅಂಟು ತೆಗೆದು, ಬಣ್ಣ ಹಾಕಿ, ಮಗ್ಗಕ್ಕೆ ಏರಿಸಿದ ಮೇಲೆಯೇ ಅದು ಪಟ್ಟೆ. ಆ ಕೆಲಸ ನಡೆದದ್ದು ಧರ್ಮಾವರ, ಕಂಚಿ, ಬನಾರಸುಗಳ ಕಡೆ. ಊರಿನ ರೇಷ್ಮೆ ನೂಲಾಗಿಯೇ ಊರು ಬಿಟ್ಟು ಹೋಗುತ್ತಿತ್ತು. ಹಾಗೊಮ್ಮೆ ಪಟ್ಟೆ ಲಂಗ ಕೊಂಡರೂ ಅದು ಮೂರು ನಾಲ್ಕು ವರ್ಷದ ಹೆಣ್ಣುಮಗುವಿಗೆ, ಮದುವೆಮನೆಗೆ. ದಿನಕ್ಕೆ ಹತ್ತು ಸಲ ನೆನೆಯುವ ಕೂಸಿಗೆ ಅಲ್ಲ.

ರೇಷ್ಮೆಗೂ ಮಕ್ಕಳಿಗೂ ಇದ್ದ ನಂಟು ಬೇರೆ ಬಗೆಯದಾಗಿತ್ತು, ಅದು ನೋವಿನದು. ಬಡ ಮನೆಯ ಮಕ್ಕಳು ರೀಲಿಂಗ್ ಮನೆಗಳಲ್ಲಿ ಬಿಸಿನೀರಿಗೆ ಕೈಯಿಟ್ಟು ದುಡಿದರು. ಕೆಲವರು ತಂದೆತಾಯಿ ಪಡೆದ ಮುಂಗಡಕ್ಕೆ ಜೀತವಾಗಿ ದುಡಿದರು. ಬಾಲಕಾರ್ಮಿಕ ನಿಷೇಧ ಮತ್ತು ನಿಯಂತ್ರಣ ಕಾಯ್ದೆ 1986ರಲ್ಲೇ ಬಂದಿದ್ದರೂ, ಕರ್ನಾಟಕವೂ ಸೇರಿದಂತೆ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿಯನ್ನೇ ತರಬೇಕಾಯಿತು. ಮಕ್ಕಳ ಉಡುಪಿನ ಚರಿತ್ರೆ ಬರೆಯುವಾಗ, ಬೇರೆಯವರ ಉಡುಪಿಗಾಗಿ ಬೆಂದ ಮಕ್ಕಳ ಬೆರಳುಗಳನ್ನು ಬಿಟ್ಟು ಬರೆಯುವುದು ನ್ಯಾಯವಲ್ಲ.

ಹೆಣಿಗೆ ಈ ಸೀಮೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಮುಖ್ಯವಾಗಿ ಬೆಂಗಳೂರಿನ ದಂಡು ಪ್ರದೇಶದ ಇಂಗ್ಲಿಷ್ ಹೆಂಗಸರಿಂದ ಮತ್ತು ಕ್ರೈಸ್ತ ಮಿಷನ್ನುಗಳಿಂದ. ಲಂಡನ್ ಮಿಷನ್, ವೆಸ್ಲಿಯನ್ ಮಿಷನ್ನುಗಳು 1840ರ ದಶಕದಿಂದ ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆಗಳನ್ನು ನಡೆಸಿದವು. ಓದು ಬರಹದ ಜೊತೆಗೆ ಸೂಜಿಕೆಲಸವೂ ಅಂಥ ಶಾಲೆಗಳ ಪಾಠವಾಗಿತ್ತು. ಹೆಣ್ಣಿಗೆ ಓದು ಯಾಕೆ ಎನ್ನುವ ತಂದೆಯೂ ಹೊಲಿಗೆ ಕಲಿಸುತ್ತಾರೆಂದರೆ ಮಗಳನ್ನು ಕಳಿಸಲು ಒಪ್ಪುವ ಸಂಭವವಿತ್ತು. 1876-78ರ ಭೀಕರ ಬರ ಕೋಲಾರ ಸೀಮೆಯನ್ನು ಬಡಿದಾಗ ತಬ್ಬಲಿಗಳಾದ ಮಕ್ಕಳನ್ನು ಕೋಲಾರದಲ್ಲಿ ಮಿಸ್ ಆನ್‌ಸ್ಟೀ ಎಂಬ ಮಿಷನರಿ ಮಹಿಳೆ ಸಾಕಿದರು. ಆ ಸಂಸ್ಥೆ 1890ರ ಸುಮಾರಿಗೆ ಅಮೆರಿಕದ ಮೆಥಡಿಸ್ಟ್ ಮಿಷನ್ನಿನ ಕೈಗೆ ಹೋಯಿತು. ಚಿಕ್ಕಬಳ್ಳಾಪುರದಲ್ಲೂ ಲಂಡನ್ ಮಿಷನ್ ನೆಲೆಯೂರಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಎದ್ದ ಮಿಷನ್ ಆಸ್ಪತ್ರೆ ಇಂದಿನ ಸಿಎಸ್‌ಐ ಆಸ್ಪತ್ರೆ. ಮಿಷನ್ನಿನ ಅಂಗಳಗಳಲ್ಲಿ ಸ್ಥಳೀಯ ಹೆಂಗಸರು ಉಲ್ಲನ್ ಬೂಟಿ, ಕ್ರೋಶಾ ಟೋಪಿ, ಲೇಸಿನ ಗೌನುಗಳನ್ನು ಮೊದಲ ಸಲ ಹತ್ತಿರದಿಂದ ನೋಡಿದರು.

ಆದರೆ ಹೆಣಿಗೆ ಮನೆಮನೆಗೆ ಹೋದದ್ದು ಮಿಷನ್ನಿನ ದಾರಿಯಿಂದ ಮಾತ್ರವಲ್ಲ. ಅಂಬಿಲ್ ನರಸಿಂಹ ಅಯ್ಯಂಗಾರ್ಯರು ಮೈಸೂರಿನಲ್ಲಿ 1881ರಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆ ಮಹಾರಾಣಿ ಶಾಲೆಯಾಗಿ ಬೆಳೆದ ಮೇಲೆ ಮೇಲ್ಜಾತಿಯ ಮನೆಗಳಲ್ಲೂ ಶಾಲೆಯ ಸೂಜಿಕೆಲಸಕ್ಕೆ ಮರ್ಯಾದೆ ಬಂತು. ಬೆಂಗಳೂರಿನ ಮಹಿಳಾ ಸೇವಾ ಸಮಾಜ ಹುಟ್ಟಿದ್ದು 1913ರಲ್ಲಿ. ಅದರ ಹಿಂದೆಯೇ ತಾಲ್ಲೂಕು ಪೇಟೆಗಳಲ್ಲಿ ಮಹಿಳಾ ಸಮಾಜಗಳು ತಲೆಯೆತ್ತಿದವು. ಮಧ್ಯಾಹ್ನದ ಊಟವಾದ ಮೇಲೆ ಅಮಲ್ದಾರರ ಮನೆಯವರು, ಮೇಷ್ಟರ ಮನೆಯವರು, ವರ್ತಕರ ಮನೆಯವರು ಕೂಡಿ ಕುಳಿತು ಹೆಣೆಯುವ ಜಾಗಗಳು ಇವೇ. ವರ್ಗವಾಗಿ ಬಂದ ಅಧಿಕಾರಿಯ ಹೆಂಡತಿಯ ಜೊತೆಗೆ ಹೊಸ ಮಾದರಿಯೊಂದು ಊರಿಗೆ ಬರುತ್ತಿತ್ತು, ವರ್ಗವಾಗಿ ಹೋದರೂ ಮಾದರಿ ಊರಿನಲ್ಲಿ ಉಳಿಯುತ್ತಿತ್ತು. 1962ರಲ್ಲಿ ಚೀನಾದೊಡನೆ ಯುದ್ಧವಾದಾಗ ದೇಶದ ಹೆಂಗಸರು ಗಡಿಯ ಜವಾನರಿಗೆಂದು ಸ್ವೆಟರ್, ಮಫ್ಲರ್ ಹೆಣೆದು ಕಳಿಸಿದರು. ಕಡ್ಡಿ ಹಿಡಿಯುವುದನ್ನು ಆಗ ಕಲಿತವರು ಯುದ್ಧ ಮುಗಿದ ಮೇಲೆ ಅದನ್ನು ಮಕ್ಕಳತ್ತ ತಿರುಗಿಸಿದರು.

ಕೂಸಿನ ಸ್ವೆಟರ್ ಹೆಣಿಗೆ ಕಲಿಯುವವರ ಮೊದಲ ದೊಡ್ಡ ಕೆಲಸ. ಅದು ಚಿಕ್ಕದು, ಬೇಗ ಮುಗಿಯುತ್ತದೆ, ಉಲ್ಲನ್ ಕಡಿಮೆ ಹಿಡಿಯುತ್ತದೆ, ಸಣ್ಣ ತಪ್ಪು ಎದ್ದು ಕಾಣುವುದಿಲ್ಲ. ಎರಡು ಕಡ್ಡಿಯಲ್ಲಿ ಬೆನ್ನಿಗೆ ಬೇಕಾದಷ್ಟು ಕುಣಿಕೆ ಹಾಕಿಕೊಂಡು, ಕೆಳಗಿನ ಎರಡು ಬೆರಳಗಲ ಒಂದು ಸೀದಾ ಒಂದು ಉಲ್ಟಾ ಹಾಕಿದರೆ ರಬ್ಬರಿನಂತೆ ಹಿಗ್ಗುವ ಅಂಚು ಸಿಗುತ್ತದೆ. ಅದರ ಮೇಲೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಕಂಕುಳಿಗೆ ಬಂದಾಗ ಎರಡು ಕಡೆಯೂ ಕುಣಿಕೆ ಕಡಿಮೆ ಮಾಡಬೇಕು. ಮುಂಭಾಗವನ್ನು ಎರಡು ತುಂಡಾಗಿ ಮಾಡಿ ನಡುವೆ ಗುಂಡಿ ಇಡುತ್ತಾರೆ, ಯಾಕೆಂದರೆ ತಲೆ ಮೇಲಿಂದ ಬಟ್ಟೆ ಎಳೆದರೆ ಕೂಸು ಅಳುತ್ತದೆ. ಕಡ್ಡಿಯ ನಂಬರ್, ಉಲ್ಲನ್ ಎಷ್ಟು ಎಳೆಯದು, ಕೈ ಬಿಗಿಯೋ ಸಡಿಲವೋ ಎಂಬುದರ ಮೇಲೆ ಅಳತೆ ಬದಲಾಗುತ್ತದೆ. ಆದ್ದರಿಂದ ನುರಿತವರು ಲೆಕ್ಕ ಹೇಳುವುದಿಲ್ಲ, ನಾಲ್ಕು ಸಾಲು ಹೆಣೆದು ಮಗುವಿನ ಬೆನ್ನಿಗೇ ಹಿಡಿದು ನೋಡುತ್ತಾರೆ. ಹೆಣಿಗೆಯ ದೊಡ್ಡ ಗುಣ ಬಿಚ್ಚಲು ಬರುವುದು. ಮಗು ಬೆಳೆದು ಸ್ವೆಟರ್ ಚಿಕ್ಕದಾದರೆ ಎಳೆ ಹಿಡಿದು ಬಿಚ್ಚಿ, ಲಡಿ ಮಾಡಿ, ಬಿಸಿನೀರಿನಲ್ಲಿ ಅದ್ದಿ ಸುಕ್ಕು ತೆಗೆದು, ಇನ್ನೊಂದು ಬಣ್ಣದ ಉಂಡೆ ಸೇರಿಸಿ ದೊಡ್ಡದು ಹೆಣೆಯಬಹುದು. ಹಳೆಯ ಪಂಚೆಯನ್ನು ಅಂಗಿ ಮಾಡಿದ ಬುದ್ಧಿ ಹೊಸ ವಸ್ತುವಿನಲ್ಲೂ ಹೀಗೆ ಮುಂದುವರಿಯಿತು. ಸ್ವೆಟರಿನ ಮೇಲಿನ ಪಟ್ಟೆಗಳಲ್ಲಿ ಎಷ್ಟೋ ಪಟ್ಟೆಗಳು ಅಂದಕ್ಕೆ ಬಂದವಲ್ಲ, ಉಲ್ಲನ್ ಸಾಲದೆ ಬಂದವು.

ಮೊದಮೊದಲು ಸಿಗುತ್ತಿದ್ದದ್ದು ಉಣ್ಣೆಯ ಉಲ್ಲನ್. ಬೆಲೆ ಹೆಚ್ಚು, ಒಗೆದರೆ ಕುಗ್ಗುತ್ತದೆ, ನುಸಿ ಹಿಡಿಯುತ್ತದೆ. ಆಮೇಲೆ ಕ್ಯಾಷ್ಮಿಲಾನ್ ಎಂದು ಕರೆಯುತ್ತಿದ್ದ ಅಕ್ರಿಲಿಕ್ ನೂಲು ಬಂದು ಕೆಲಸ ಸಲೀಸಾಯಿತು. ಅದು ಅಗ್ಗ, ಹಗುರ, ಬಣ್ಣ ಬಹಳ, ಒಗೆಯುವುದು ಸುಲಭ. ಬೆವರು ಹೀರುವುದಿಲ್ಲ ಎಂಬುದೊಂದು ಕೊರತೆ. ಅದಕ್ಕೆ ಒಳಗೆ ಹಳೆಯ ಪಂಚೆಯ ಅಂಗಿ ತೊಡಿಸಿ ಮೇಲೆ ಸ್ವೆಟರ್ ಹಾಕುವುದೇ ವಾಡಿಕೆಯಾಯಿತು. ಕನ್ನಡ ವಾರಪತ್ರಿಕೆಗಳ ಮಹಿಳಾ ಪುಟಗಳು ಹೆಣಿಗೆಯ ಸಾಲುಗಳನ್ನು ಅಚ್ಚುಹಾಕತೊಡಗಿದಾಗ ಅವನ್ನು ಕತ್ತರಿಸಿ ಅಕ್ಕಿ ಡಬ್ಬಿಯ ಮುಚ್ಚಳದಲ್ಲೋ ಪೆಟ್ಟಿಗೆಯ ತಳದಲ್ಲೋ ಇಟ್ಟುಕೊಂಡವರು ಸಾವಿರಾರು.

ಹೊಲಿಗೆ ಯಂತ್ರ ಬಂದದ್ದು ಇನ್ನೊಂದು ದಾರಿಯಿಂದ. ಬೆಂಗಳೂರಿನಿಂದ ಹಿಂದೂಪುರ, ಗುಂತಕಲ್ಲಿಗೆ ಹೋಗುವ ರೈಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೌರಿಬಿದನೂರನ್ನು ಮುಟ್ಟಿತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಕೋಲಾರಕ್ಕೆ ಜೋಡಿಸಿದ ಸಣ್ಣ ಗೇಜಿನ ರೈಲು 1910ರ ದಶಕದಲ್ಲಿ ಬಂತು. ರೈಲಿನ ಜೊತೆ ಗಿರಣಿ ಬಟ್ಟೆ ಬಂತು, ಬಟ್ಟೆಯಂಗಡಿ ಬಂತು, ಅಂಗಡಿಯ ಜಗುಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟ ದರ್ಜಿಯೂ ಬಂದ. ಐಸಾಕ್ ಸಿಂಗರ್ 1851ರಲ್ಲಿ ಹಕ್ಕುಪತ್ರ ಪಡೆದ ಯಂತ್ರ ಭಾರತದಲ್ಲಿ ಬಹುಕಾಲ ಹೊಲಿಗೆಗೆ ಇನ್ನೊಂದು ಹೆಸರೇ ಆಗಿತ್ತು. ಯಂತ್ರಗಳ ಬಗ್ಗೆ ಅಷ್ಟು ಶಂಕೆ ಇದ್ದ ಗಾಂಧೀಜಿ ಕೂಡ 1924ರ ಸಂವಾದವೊಂದರಲ್ಲಿ ಇದನ್ನು ಹೊರತಾಗಿಟ್ಟರು. ಹೆಂಡತಿಯ ಕೈನೋವು ನೋಡಲಾರದೆ ಮನುಷ್ಯ ಕಂಡುಹಿಡಿದ ಯಂತ್ರ, ಅದರ ಹಿಂದೆ ಪ್ರೀತಿ ಇದೆ ಎಂಬುದು ಅವರ ಕಾರಣ. ಅದೇ ಗಾಂಧೀಜಿ 1927ರಲ್ಲಿ ಮತ್ತು 1936ರಲ್ಲಿ ವಿಶ್ರಾಂತಿಗೆಂದು ನಂದಿಬೆಟ್ಟದಲ್ಲಿ ಇದ್ದರು. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿದ ಮೇಲೆ ಖಾದಿಗೆ ಈ ಸೀಮೆಯಲ್ಲಿ ಬೇರೆಯದೇ ತೂಕ ಬಂತು. ಕೈನೂಲಿನ ಹೊಸ ಖಾದಿ ಎಳೆಗೂಸಿಗೆ ಒರಟು. ದೊಡ್ಡವರು ಉಟ್ಟು ಮೆತ್ತಗೆ ಮಾಡಿದ ಖಾದಿ ಮಾತ್ರ ಉಳಿದೆಲ್ಲ ಹಳೆಯ ಬಟ್ಟೆಯಂತೆ ತೊಟ್ಟಿಲು ಸೇರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಟ್ಟೆಗೂ ನಿಯಂತ್ರಣ ಬಂದು ಅಂಗಡಿ ಬರಿದಾದಾಗ ಹಳೆಯ ಸೀರೆಯ ಬೆಲೆ ಎಲ್ಲರಿಗೂ ಮತ್ತೆ ತಿಳಿಯಿತು.

ಯಂತ್ರ ಗಂಡಸಿನ ಜಗುಲಿಯಿಂದ ಹೆಂಗಸಿನ ನಡುಮನೆಗೆ ಬಂದದ್ದು ಸ್ವಾತಂತ್ರ್ಯದ ನಂತರ. ಕಲ್ಕತ್ತೆಯ ಜೈ ಇಂಜಿನಿಯರಿಂಗ್ ವರ್ಕ್ಸ್ 1930ರ ದಶಕದ ನಡುವೆ ತಯಾರಿಸಲು ತೊಡಗಿದ ಉಷಾ ಯಂತ್ರ ವಿದೇಶಿ ಯಂತ್ರಕ್ಕಿಂತ ಕೈಗೆಟುಕುವಂಥದ್ದು. 1952ರಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯ ಗ್ರಾಮಸೇವಿಕೆಯರು, 1953ರಲ್ಲಿ ದುರ್ಗಾಬಾಯಿ ದೇಶಮುಖರ ನೇತೃತ್ವದಲ್ಲಿ ಹುಟ್ಟಿದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ, ಹಳ್ಳಿಯ ಮಹಿಳಾ ಮಂಡಳಿಗಳು ಇವೆಲ್ಲ ಹೊಲಿಗೆ ತರಗತಿಯನ್ನೇ ತಮ್ಮ ಮೊದಲ ಕೆಲಸ ಮಾಡಿಕೊಂಡವು. 1982ರ ಡ್ವಾಕ್ರಾ ಎಂಬ ಗ್ರಾಮೀಣ ಮಹಿಳಾ ಯೋಜನೆ, 2000ದ ಸುಮಾರಿನ ಸ್ತ್ರೀಶಕ್ತಿ ಸಂಘಗಳವರೆಗೆ ಹೆಸರು ಬದಲಾಯಿತು, ಹೊಲಿಗೆ ಉಳಿಯಿತು. ಆ ತರಗತಿಗಳ ಪಾಠಕ್ರಮ ಎಲ್ಲೆಡೆ ಒಂದೇ: ಮೊದಲು ಜಬಲಾ, ಆಮೇಲೆ ಚಡ್ಡಿ, ಆಮೇಲೆ ಫ್ರಾಕ್, ಕೊನೆಗೆ ರವಿಕೆ. ಕಲಿಯುವವಳು ಮೊದಲು ಕಂದು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಕೂಸಿನ ಅಂಗಿ ಬರೆಯುತ್ತಾಳೆ, ಅದನ್ನು ಕತ್ತರಿಸಿ ರೆಕಾರ್ಡ್ ಪುಸ್ತಕಕ್ಕೆ ಅಂಟಿಸುತ್ತಾಳೆ. ಅಜ್ಜಿ ಕಣ್ಣಳತೆಯಲ್ಲಿ ಹೊಲಿದದ್ದು ಮೊಮ್ಮಗಳ ಕೈಯಲ್ಲಿ ಎದೆಸುತ್ತಳತೆ, ತೋಳುದ್ದ, ಕತ್ತಿನಗಲಗಳ ಲೆಕ್ಕವಾಯಿತು. ಹಾಗೆ ಕಲಿತವರಲ್ಲಿ ಹಲವರು ಬೀದಿಗೊಬ್ಬರಂತೆ ಹೊಲಿಯುವವರಾಗಿ, ಹೆಂಗಸರಿಗೂ ಮಕ್ಕಳಿಗೂ ಹೊಲಿದು ಮನೆ ನಡೆಸಿದರು. ಸರ್ಕಾರದ ಅನೇಕ ಯೋಜನೆಗಳ ಬಗ್ಗೆ ಎಷ್ಟೇ ದೂರಿದ್ದರೂ, ಹೊಲಿಗೆ ಯಂತ್ರ ಕೊಟ್ಟದ್ದು ಬರಿಗೈಯವರಿಗೆ ದುಡಿಮೆಯ ಆಸರೆಯಾಯಿತೆಂಬುದರಲ್ಲಿ ಸಂಶಯವಿಲ್ಲ.

ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋದದ್ದು ತೊಟ್ಟಿಲ ಬಟ್ಟೆಯ ಇನ್ನೊಂದು ತಿರುವು. ಮನೆಯಲ್ಲಾದರೆ ನೋವು ಶುರುವಾದ ಮೇಲೂ ಬಟ್ಟೆ ಹರಿದುಕೊಳ್ಳಬಹುದು. ಆಸ್ಪತ್ರೆಗೆ ಒಗೆದ ಬಟ್ಟೆಯ ಗಂಟು ಮೊದಲೇ ಸಿದ್ಧವಿರಬೇಕು. ಹುಟ್ಟುವ ಮುಂಚೆ ಕೂಸಿನ ಬಟ್ಟೆ ಮಾಡಬಾರದೆಂಬ ರೂಢಿ ಮೆಲ್ಲಗೆ ಸಡಿಲವಾದದ್ದು ಹೀಗೆ. ಆಗಲೂ ಆ ಗಂಟಿಗೆ ಹೋಗುತ್ತಿದ್ದದ್ದು ಹಳೆಯ ಬಟ್ಟೆಯೇ, ಆದ್ದರಿಂದ ಮಾತಿಗೆ ತಪ್ಪಿದಂತೆಯೂ ಆಗಲಿಲ್ಲ. ಕರ್ನಾಟಕ ಸರ್ಕಾರ 2007ರಲ್ಲಿ ಆರಂಭಿಸಿದ ಮಡಿಲು ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ 19 ಸಾಮಾನುಗಳ ಒಂದು ಚೀಲ ಸಿಗುತ್ತಿತ್ತು. ಸೊಳ್ಳೆಪರದೆ, ಹಾಸು, ಸಾಬೂನುಗಳ ಜೊತೆಗೆ ಕೂಸಿನ ಒಳಅಂಗಿ, ಸ್ವೆಟರ್, ಟೋಪಿ, ಕಾಲುಚೀಲ ಅದರಲ್ಲಿದ್ದವು. ಒಂದು ಕಾಲಕ್ಕೆ ಅಮಲ್ದಾರರ ಮನೆಯವರ ಮಧ್ಯಾಹ್ನದ ಹವ್ಯಾಸವಾಗಿದ್ದ ಸ್ವೆಟರ್ ಕೂಲಿಯವಳ ಮಗುವಿನ ಹಕ್ಕಾದದ್ದು ಸಣ್ಣ ಬದಲಾವಣೆಯಲ್ಲ.

ಗೌರಿಬಿದನೂರಿನಲ್ಲಿ, ಅದರ ನೆರೆಯ ದೊಡ್ಡಬಳ್ಳಾಪುರದಲ್ಲಿ ಗಾರ್ಮೆಂಟ್ ಕಾರ್ಖಾನೆಗಳು ನೆಲೆಯೂರಿದ ಮೇಲೆ ಹೊಲಿಗೆ ಬಲ್ಲ ಹೆಂಗಸರ ಬದುಕೇ ಬದಲಾಯಿತು. ಬೆಳಗಿನ ವ್ಯಾನು, ಬಸ್ಸುಗಳಲ್ಲಿ ಹಳ್ಳಿಗಳಿಂದ ಹೊರಡುವ ಅವರು ಒಂದೊಂದು ಲೈನಿನಲ್ಲಿ ಕುಳಿತು ಒಬ್ಬರು ಕಾಲರ್, ಒಬ್ಬರು ತೋಳು, ಒಬ್ಬರು ಗುಂಡಿಕಾಜ ಎಂದು ಹಂಚಿಕೊಂಡು ಹೊಲಿಯುತ್ತಾರೆ. ದಿನಕ್ಕೆ ನೂರಾರು ತೋಳು ಕೂಡಿಸುವವಳಿಗೆ ಒಂದು ಇಡೀ ಅಂಗಿ ಕತ್ತರಿಸಿ ಮುಗಿಸುವ ಅವಕಾಶ ಕಾರ್ಖಾನೆಯಲ್ಲಿ ಸಿಗುವುದಿಲ್ಲ. ಸಂಜೆ ದಣಿದು ಬಂದವಳಿಗೆ ತನ್ನ ಮಗುವಿಗೆ ಹೊಲಿಯುವ ಪುರುಸೊತ್ತೂ ಇರುವುದಿಲ್ಲ. ಸಂತೆಯಲ್ಲಿ, ಪೇಟೆಯಲ್ಲಿ ತಿರುಪ್ಪೂರಿನ ಬನಿಯನ್ ಬಟ್ಟೆಯ ಜಬಲಾ ಮೂರರ ಕಟ್ಟು, ಐದರ ಕಟ್ಟು ಅಗ್ಗದಲ್ಲಿ ಸಿಗುತ್ತದೆ. ಬಿಸಾಡುವ ಡೈಪರ್ ಕಿರಾಣಿ ಅಂಗಡಿಯಲ್ಲಿ ಒಂದೊಂದಾಗಿಯೂ ಸಿಗುತ್ತದೆ. ಲಂಗೋಟಿ ಒಗೆಯುವ ದುಡಿಮೆ ಕಡಿಮೆಯಾದದ್ದು ಹೆಂಗಸರಿಗೆ ನಿಜವಾದ ಬಿಡುಗಡೆ. ಅದನ್ನು ಹಳೆಯದರ ಮೇಲಿನ ಮೋಹದಿಂದ ಹಳಿಯಬಾರದು.

ಕೈಹೊಲಿಗೆ, ಹೆಣಿಗೆ ಈಗ ಉಳಿದಿರುವುದು ಕೆಲವು ಗೊತ್ತಾದ ಜಾಗಗಳಲ್ಲಿ. ನಾಮಕರಣಕ್ಕೆ, ಮೊದಲ ಹುಟ್ಟುಹಬ್ಬಕ್ಕೆ ಅಜ್ಜಿಯ ಪಟ್ಟೆಸೀರೆ ಕತ್ತರಿಸಿ ಮೊಮ್ಮಗಳಿಗೆ ಲಂಗ ಹೊಲಿಸುವುದು ಹೆಚ್ಚಾಗಿದೆ; ಹಳೆಯ ಬಟ್ಟೆಯ ರೂಢಿ ಹತ್ತಿಯನ್ನು ಬಿಟ್ಟು ರೇಷ್ಮೆಗೆ ಏರಿದೆ. ಕ್ರೋಶಾ ಬೂಟಿ, ಟೋಪಿ ಹೆಣೆದು ಫೋನಿನ ಮೂಲಕ ಮಾರುವವರು ಪೇಟೆಗಳಲ್ಲಿದ್ದಾರೆ. ಕೇಂದ್ರ ಸರ್ಕಾರ 2023ರಲ್ಲಿ ತಂದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕೆಲಸವೂ ಸೇರಿದೆ. ಸಲಕರಣೆಗೆ 15,000 ರೂಪಾಯಿಯ ನೆರವಿದೆ. ಎಳೆಯ ಮೈಗೆ ಬೇಕಾದ ಮೊದಲ ಕೆಲವು ವಾರಗಳ ಬಟ್ಟೆಗೆ ಮಾತ್ರ ಅಂಗಡಿಯ ಸಾಮಾನು ಇನ್ನೂ ಪೂರಾ ಬದಲಿಯಾಗಿಲ್ಲ. ಆಸ್ಪತ್ರೆಗೆ ಹೊರಡುವ ಬ್ಯಾಗಿನಲ್ಲಿ ಡೈಪರ್ ಪೊಟ್ಟಣದ ಪಕ್ಕದಲ್ಲಿ, ಚೌಕವಾಗಿ ಹರಿದು ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದ ಹಳೆಯ ಪಂಚೆಯ ತುಂಡುಗಳನ್ನು ಇಂದಿಗೂ ಇಡುತ್ತಾರೆ. ಕೂಸನ್ನು ಮೊದಲು ಒರೆಸಿ ಸುತ್ತುವುದು ಅದರಲ್ಲೇ.